ಪುಟ್ಟಮ್ಮನವರ ಮಾತು ಕೇಳದ ದಿನ

ಗುಂಡ್ಲುಪೇಟೆಗೆ ಬಂದ ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಪುಟ್ಟಮ್ಮ ಬಾಗಿಲಲ್ಲಿ ನಿಂತು, "ಇಟ್ಟು ಉಂಡ್ರಾ ಅವ್ವಾ?" ಎಂದು ಕೇಳಿದರು. ನಾನು ತಬ್ಬಿಬ್ಬಾಗಿ, "ಹಿಟ್ಟು ಯಾರರೆ ಉಣ್ತಾರೇನ್ರೀ?" ಎಂದೆ. ಧಾರವಾಡದಲ್ಲಿ ಹಿಟ್ಟೆಂದರೆ ರೊಟ್ಟಿಗೆ ನಾದುವ ಮೊದಲಿನ ಪುಡಿ. ಇಲ್ಲಿ ಅದು ಬೆಂದು ಉಂಡೆಯಾದ ರಾಗಿ ಮುದ್ದೆ. ಏಕೀಕರಣವಾಗಿ ವರ್ಷ ತುಂಬಿರಲಿಲ್ಲ. ನಾಡು ಒಂದಾಗಿತ್ತು, ನಮ್ಮಿಬ್ಬರ ಕನ್ನಡ ಇನ್ನೂ ಒಂದಾಗಿರಲಿಲ್ಲ.

ಸರ್ವೆ ಗುಮಾಸ್ತರಾಗಿದ್ದ ಯಜಮಾನರಿಗೆ ಇಲ್ಲಿಗೆ ವರ್ಗವಾಗಿತ್ತು. ಎರಡು ಕೋಣೆಯ ಹೆಂಚಿನ ಮನೆ, ನಾವಿಬ್ಬರು, ನಾಲ್ಕು ವರ್ಷದ ಮಗಳು ಶಾಂತಿ. ಅಂಗಡಿಯಲ್ಲಿ ಸಿಕ್ಕ ಜೋಳದಲ್ಲಿ ರೊಟ್ಟಿ ಏಳುತ್ತಿರಲಿಲ್ಲ. ಇಲ್ಲಿಯವರ 'ಓಗು', 'ಬುಡು'ಗಳನ್ನು ಅಣಕಿಸಿ ಅವ್ವನಿಗೆ ಕಾಗದ ಬರೆಯುತ್ತಿದ್ದೆ. ನನ್ನ ಒಂಟಿತನಕ್ಕೆ ಊರೇ ಕಾರಣವೆಂದು ತಿಳಿದಿದ್ದೆ. ಬಾಗಿಲು ಹಾಕಿಕೊಂಡಿದ್ದವಳು ನಾನೇ.

ಯಜಮಾನರು ಇದೇ ತಾಲ್ಲೂಕಿನ ಮದ್ದೂರಿನ ಕಾಡಂಚಿಗೆ ಅಳತೆಗೆ ಹೋಗಿದ್ದಾಗ ಶಾಂತಿಗೆ ಚಳಿಜ್ವರ ಬಂತು. ಎರಡನೆಯ ದಿನ ಪುಟ್ಟಮ್ಮ ಬಂದು ಅವಳ ಹಣೆ ಮುಟ್ಟಿದರು.

"ಮೈ ಕಾದೋಗದೆ. ಆಸ್ಪತ್ರೆಗೆ ಓಗನ ಬನ್ನಿ, ನಾನೂ ಬತ್ತೀನಿ."

"ನಾಳೆ ಇಳೀತದ ಬಿಡ್ರಿ," ಎಂದು ಅವರನ್ನು ಕಳಿಸಿ ಕದ ಹಾಕಿಕೊಂಡೆ. ಗುರುತಿಲ್ಲದವರ ಹಂಗು ಯಾಕೆಂಬ ಬಿಗುಮಾನ, ಅಷ್ಟೇ.

ಮರುದಿನ ಜ್ವರ ಇನ್ನೂ ಏರಿದಾಗ ನಾನೇ ಓಡಿಹೋಗಿ ಅವರನ್ನು ಕರೆದೆ. ಇಲ್ಲಿಯ ವೈದ್ಯರು ತಕ್ಷಣ ಚಾಮರಾಜನಗರಕ್ಕೆ ಕರೆದೊಯ್ಯಿರಿ ಎಂದರು. ಬಸ್ಸು ತೆರಕಣಾಂಬಿ ದಾಟುವ ಮೊದಲೇ ಶಾಂತಿ ನನ್ನ ಮಡಿಲಲ್ಲಿ ಉಸಿರು ನಿಲ್ಲಿಸಿದಳು.

ಕೆಲವು ತಿಂಗಳ ಮೇಲೆ, ಅವಳ ಬಟ್ಟೆಗಳನ್ನು ಯಾವುದಾದರೂ ಬಡಮಗುವಿಗೆ ಕೊಡೋಣವೆಂದು ಆಸ್ಪತ್ರೆಗೆ ಹೋದೆ. ಹಳ್ಳಿಯ ತಾಯಿಯೊಬ್ಬಳು ಕೈಯಲ್ಲಿ ಮಾತ್ರೆ ಹಿಡಿದು, ಯಾವಾಗ ಕೊಡಬೇಕೆಂದು ತಿಳಿಯದೆ ಜಗಲಿಯಲ್ಲಿ ಕೂತಿದ್ದಳು. ಒಳಗೆ ಕೇಳಿಕೊಂಡು ಬಂದು ಅವಳಿಗೆ ಹೇಳಿದೆ. ಮರುದಿನ ಗಂಜಿ ಒಯ್ದೆ. ಅದರ ಮರುದಿನ ಪುಟ್ಟಮ್ಮನೂ ಜೊತೆಗೂಡಿದರು. ಹೀಗೆ ನಾಲ್ಕೈದು ಹೆಂಗಸರಾದೆವು. ಜ್ವರ ಬಂದ ಮನೆಗಳಿಗೆ ಹೋಗುವುದು, ತಾಯಂದಿರ ಜೊತೆ ಆಸ್ಪತ್ರೆಗೆ ಬರುವುದು ನಮ್ಮ ಕೆಲಸವಾಯಿತು.

ಒಮ್ಮೆ ನಾನೂ ಪುಟ್ಟಮ್ಮನೂ ಮದ್ದೂರಿನ ಕಡೆ ಹೋಗಿದ್ದಾಗ ಮಾದಮ್ಮ ಎಂಬವಳು ಜ್ವರದ ಕೂಸನ್ನು ಸೆರಗಲ್ಲಿ ಮುಚ್ಚಿಕೊಂಡು, "ನಾಳೆ ಇಳೀತದೆ ಬುಡಿ. ನೀವ್ಯಾರೋ ಏನೋ," ಎಂದಳು.

ಅಲ್ಲೇ ಕೂತೆ. "ನಾನೂ ಹಿಂಗ ಅಂದಿದ್ದೆ ತಂಗಿ. ಈ ಅವ್ವಾರಿಗೇ ಅಂದಿದ್ದೆ. ನನ್ನ ಮಗಳು ಉಳೀಲಿಲ್ಲ."

ಮಾದಮ್ಮ ನನ್ನನ್ನೂ ಪುಟ್ಟಮ್ಮನನ್ನೂ ನೋಡಿದಳು. ಕೂಸನ್ನೆತ್ತಿಕೊಂಡು ನಮ್ಮ ಜೊತೆ ಆಸ್ಪತ್ರೆಗೆ ಹೊರಟಳು. ಆ ಕೂಸು ಉಳಿಯಿತು.

ಹಿಂತಿರುಗುವಾಗ ಪುಟ್ಟಮ್ಮ, "ಆವತ್ತು ನಾನೂ ಇನ್ನೊಂದ್ಸಲ ಬಾಗ್ಲು ಬಡೀಬೇಕಿತ್ತು ಕಣವ್ವಾ," ಎಂದರು. ಅಷ್ಟು ದಿನ ಅದನ್ನು ಅವರೂ ಹೊತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಕ್ಷಮೆ ಕೇಳಬೇಕಾದವಳು ನಾನು. ಅವರ ಕೈ ಹಿಡಿದುಕೊಂಡೆ.

ಊರವರು ಇದನ್ನು ಸೇವೆ ಎನ್ನುತ್ತಾರೆ. ಆ ದಿನ ಕದ ತೆರೆದಿದ್ದರೆ ನಾನು ಯಾವ ಸೇವೆಯನ್ನೂ ಮಾಡದೆ, ಮಗಳ ಜಡೆ ಹೆಣೆಯುತ್ತ ಮನೆಯಲ್ಲಿರುತ್ತಿದ್ದೆ. ಅದೇ ಚೆನ್ನಾಗಿತ್ತು.

ಈಗ ಧಾರವಾಡಕ್ಕೆ ಮರಳಿ ವರ್ಗವಾಗುವ ಮಾತಿದೆ. ಹೋದ ಪಂಚಮಿಗೆ ತವರಿಗೆ ಹೋದಾಗ ಬಾಯಿತಪ್ಪಿ, "ಸೋಮವಾರ ಮನಿಗೆ ಹೋಗಬೇಕವ್ವಾ," ಎಂದೆ. ಗುಂಡ್ಲುಪೇಟೆಯನ್ನು ಮನೆ ಎಂದದ್ದಕ್ಕೆ ಅವ್ವ ಮುಖ ತಿರುವಿದಳು. ಇಲ್ಲಿಗೆ ಬಂದರೆ ಪುಟ್ಟಮ್ಮ, "ನಿಮ್ಮೂರ್ಗೆ ಓಗ್ಬುಟ್ರೆ ನಮ್ಮನ್ನ ಮರ್ತ್‌ಬುಡ್ತೀರಾ?" ಎಂದರು.

ಪೇಟೆಯಲ್ಲಿ ಈಗ ನಾನೂ ಇಲ್ಲಿಯವರಂತೆಯೇ ಮಾತಾಡುತ್ತೇನೆ. ಶಾಂತಿಯನ್ನು ಮಣ್ಣು ಮಾಡಿದ ಹೊಲದಂಚಿಗೆ ಹೋದಾಗ ಮಾತ್ರ ಧಾರವಾಡದ ಮಾತೇ ಬರುತ್ತದೆ. ಅವಳಿಗೆ ಬರುತ್ತಿದ್ದದ್ದು ಅದೊಂದೇ.