ಸೇತುವೆಯ ಹಿಂದಿನ ಖಾಲಿ ಜಾಗ

ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುವ ಕಥೆ ಹೀಗಿದೆ: ಗೇಟಿನ ಸೆಕ್ಯುರಿಟಿ ಬಸಪ್ಪಣ್ಣ, ಮಾಜಿ ಹವಾಲ್ದಾರ್, ತಮ್ಮ ಯುದ್ಧದ ಅನುಭವ ಹೇಳಿ ಎಲ್ಲರ ಕಣ್ಣಲ್ಲೂ ನೀರು ತರಿಸಿದರು, ಅದರಿಂದ ನಮ್ಮ ಗೇಮ್ ಉಳಿಯಿತು. ಕೇಳೋಕೆ ಚೆನ್ನಾಗಿದೆ. ಆದರೆ ಪಕ್ಕದಲ್ಲಿ ಕೂತಿದ್ದವಳು ನಾನು. ಅವತ್ತು ಯಾರೂ ಅಳಲಿಲ್ಲ, ಅವರು ಯಾವ ಕಥೆಯನ್ನೂ ಹೇಳಲಿಲ್ಲ.

ಇದು ಮೂರು ವರ್ಷದ ಹಿಂದಿನ ಮಾತು. ಬೆಂಗಳೂರಿನ ಹೂಡಿಯಲ್ಲಿರುವ ನಮ್ಮ ಗೇಮ್ ಕಂಪನಿಯಲ್ಲಿ ನಾನು ಲೆವೆಲ್ ಡಿಸೈನರ್. ಆಟದ ಒಂದೊಂದು ಹಂತದಲ್ಲಿ ಯಾರು ಎಲ್ಲಿರಬೇಕು, ಎಷ್ಟು ಕಷ್ಟ ಇರಬೇಕು ಎಂದು ತೀರ್ಮಾನಿಸುವ ಕೆಲಸ. ಸೋಲುವ ಸೈನ್ಯದ ಕಡೆಯಿಂದ ಆಡುವ ಗೇಮ್ ಮಾಡೋಣ ಎಂದು ಆರು ತಿಂಗಳು ವಾದ ಮಾಡಿ ಒಪ್ಪಿಸಿದ್ದೆ. ಐದನೇ ಲೆವೆಲ್‌ನಲ್ಲಿ ಹನ್ನೊಂದು ಜನ ಸೈನಿಕರು ಒಂದು ಸೇತುವೆ ಕಾಯಬೇಕು. ಎದುರಿಗೆ ಇನ್ನೂರು ಜನ.

ಆಡಿ ಪರೀಕ್ಷಿಸುವ ಟೆಸ್ಟರ್‌ಗಳು ಹತ್ತೇ ನಿಮಿಷಕ್ಕೆ ಎದ್ದು ಹೋದರು. "ಸಾಯೋದೇ ಆಟಾನಾ ಗುರು?" ಎಂದ ಒಬ್ಬ. ಶತ್ರುಗಳನ್ನು ಎಪ್ಪತ್ತಕ್ಕೆ ಇಳಿಸಿದೆ. ಗೆಲ್ಲುವುದು ಸುಲಭವಾಯಿತು, ಆಟ ಸುಳ್ಳಾಯಿತು. ನಮ್ಮ ಟೀಮ್ ಲೀಡ್ ಪ್ರವೀಣ್ ಗಡುವು ಕೊಟ್ಟ: "ಶುಕ್ರವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಇಡೀ ಗೇಮನ್ನೇ ಗೆಲ್ಲೋರ ಕಡೆಗೆ ತಿರುಗಿಸ್ತೀನಿ ಕಣೇ."

ಗೇಮ್ ಗೊತ್ತಿಲ್ಲದವರ ಕೈಗೆ ಆಟ ಕೊಟ್ಟು, ತುಟಿ ಬಿಚ್ಚದೆ ಪಕ್ಕದಲ್ಲಿ ಕೂತು ನೋಡುವುದು ನಮ್ಮಲ್ಲಿನ ಪದ್ಧತಿ. ಗುರುವಾರ ಊಟದ ಹೊತ್ತಿನಲ್ಲಿ ಬಸಪ್ಪಣ್ಣನನ್ನು ಆಡಲು ಕರೆದೆ. ಬೆಳಗಾವಿ ಕಡೆಯವರು. ಅವರು ಒಂದು ಗುಂಡೂ ಹಾರಿಸಲಿಲ್ಲ. ಪರದೆಯ ಮೇಲಿನ ಸೈನಿಕನನ್ನು ತಿರುಗಿಸಿ ಸೇತುವೆಯ ಹಿಂದಕ್ಕೆ ನಡೆಸಿಕೊಂಡು ಹೋದರು. ಅಲ್ಲಿ ಬರೀ ಬೂದು ಬಣ್ಣ. ಆಡುವವರ ಕಣ್ಣು ಹೋಗದ ಕಡೆ ನಾವು ಏನನ್ನೂ ಬಿಡಿಸುವುದಿಲ್ಲ, ಕೆಲಸ ದಂಡ ಅಂತ.

"ಇವರ ಹಿಂದ ಯಾರದಾರ್ರೀ ಮೇಡಂ?"

"ಯಾರೂ ಇಲ್ಲ."

"ಮತ್ತ ಯಾತಕ್ಕ ನಿಂತಾರ? ಫೋಟೋ ತಗಸಾಕಾ?"

ಪದ್ಧತಿ ಮರೆತು ವಾದಕ್ಕಿಳಿದೆ. "ಆರ್ಡರ್ ಬಂದ್ಮೇಲೆ ಸೈನಿಕರು ಪ್ರಶ್ನೆ ಕೇಳಲ್ಲ ಅಲ್ವಾ?"

"ಕೇಳತೇವ್ರೀ. ಎಷ್ಟೊತ್ತಿನ ತನಕ ಅಂತ ಕೇಳತೇವಿ."

ಕಾಲೇಜಿನಲ್ಲಿ ಎಷ್ಟೋ ಚರ್ಚಾ ಸ್ಪರ್ಧೆ ಗೆದ್ದವಳು ವಾದ ಅಲ್ಲಿಗೇ ಬಿಟ್ಟು ಕಂಪ್ಯೂಟರ್ ಮುಂದೆ ಕೂತೆ.

ಎರಡನೇ ಲೆವೆಲ್‌ನಲ್ಲಿದ್ದ ಎತ್ತಿನ ಗಾಡಿಗಳನ್ನೂ ಹಳ್ಳಿಯ ಜನರನ್ನೂ ತಂದು ಸೇತುವೆಯ ಹಿಂದಿನ ಗುಡ್ಡದ ದಾರಿಗೆ ಹಾಕಿದೆ. ಶತ್ರುಗಳು ಮತ್ತೆ ಇನ್ನೂರು. ಕೊನೆಯ ಗಾಡಿ ಗುಡ್ಡ ದಾಟಲು ಹದಿನಾಲ್ಕು ನಿಮಿಷ. ದಾಟಿದ ಕೂಡಲೇ ಸೀಟಿ ಮೊಳಗುತ್ತದೆ, ಉಳಿದ ಸೈನಿಕರು ಸೇತುವೆ ಬಿಟ್ಟು ಹಿಂದಕ್ಕೆ ಹೋಗಬಹುದು. ಶುಕ್ರವಾರ ಅದೇ ಟೆಸ್ಟರ್ ಮೂರು ಸಲ ಆಡಿದ. "ಸೇತುವೆ ಹೋಯ್ತು ಮಚ್ಚಾ, ಆದ್ರೂ ಸಖತ್ತಾಗಿದೆ!" ಪ್ರವೀಣ್ ತಾನೂ ಆಡಿ ನೋಡಿದ, ಬೋರ್ಡಿನ ಮೇಲೆ ಲೆವೆಲ್ ಐದರ ಮುಂದೆ ಒಂದು ಟಿಕ್ ಹಾಕಿ ಟೀಗೆ ಹೋದ. ಅವನಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಸಿಗುವುದಿಲ್ಲ.

ಚರ್ಚೆ ನನಗೆ ಎದುರಿಗಿರುವವರನ್ನು ನೋಡುವುದನ್ನು ಕಲಿಸಿತ್ತು. ಈ ಕೆಲಸ ಬೆನ್ನ ಹಿಂದೆ ನೋಡುವುದನ್ನು ಕಲಿಸಿತು. ಈಗ ಯಾವ ಲೆವೆಲ್ ಆದರೂ ಆ ಕಡೆಯಿಂದಲೇ ಶುರು ಮಾಡುತ್ತೇನೆ.

ಆ ಶುಕ್ರವಾರ ಸಂಜೆ, ಶಿಫ್ಟ್ ಮುಗಿಸಿದ ಬಸಪ್ಪಣ್ಣನಿಗೆ ಹೊಸ ಲೆವೆಲ್ ತೋರಿಸಿದೆ. ಪೂರ್ತಿ ನೋಡಿದರು, ಖುಷಿಯಾದರು.

"ಚಲೋ ಆಗೈತ್ರೀ. ಸೀಟಿ ಅಷ್ಟ ಭಾಳ ಲಗೂ ಊದೀರಿ."

"ಬೇಗ ಅಂದ್ರೆ? ನಿಮಗೆ ಎಷ್ಟು ಹೊತ್ತಿಗೆ ಊದಿದ್ರು, ಬಸಪ್ಪಣ್ಣ?"

"ಹದಿನಾಲ್ಕು ನಿಮಿಷಕ್ಕಂತೂ ಅಲ್ರೀ ಮೇಡಂ," ಎಂದು ನಕ್ಕು ಬ್ಯಾಗ್ ಹೆಗಲಿಗೇರಿಸಿ ಮನೆಗೆ ಹೊರಟರು.