ಫಿಲ್ಟರಿನ ಬೋಲ್ಟು

ಆಯನೂರಿನ ಅಂಗನವಾಡಿಯಲ್ಲಿ ನಮ್ಮ ವಿಶ್ವವಿದ್ಯಾಲಯದ ತಂಡ ರೂಪಿಸಿದ ನೀರಿನ ಫಿಲ್ಟರ್ ಕೆಟ್ಟಿದೆಯೆಂದು ಮೂಲೆ ಸೇರಿತ್ತು. ಮಕ್ಕಳು ಬೋರ್‌ವೆಲ್‌ನ ಕೆಂಪು ನೀರನ್ನೇ ಕುಡಿಯುತ್ತಿದ್ದರು. ಫಿಲ್ಟರನ್ನು ಹೊತ್ತು ಭದ್ರಾವತಿಯ ಲೇತ್ ಅಂಗಡಿಗೆ ಬಂದೆ.

ಅಂಗಡಿಯ ಸೆಲ್ವಣ್ಣ ಮುಚ್ಚಳ ಬಿಚ್ಚಿ ನಕ್ಕರು. “ಏನೂ ಕೆಟ್ಟಿಲ್ಲ ಸಾರ್, ಒಳಗೆ ಕೆಸರು ಕಟ್ಟಿದೆ. ತೊಳೆದ್ರೆ ಆಯ್ತು. ಆದ್ರೆ ಈ ಬೋಲ್ಟು ಬಿಚ್ಚೋಕೆ ಆರು ಮೂಲೆಯ ಅಲೆನ್ ಕೀನೇ ಬೇಕಲ್ಲ ಮಾರಾಯ್ರೇ! ಅಂಗನವಾಡಿ ಟೀಚರ್ ಅದನ್ನ ಸೆರಗಿಗೆ ಕಟ್ಕೊಂಡು ಓಡಾಡ್ತಾರಾ?”

ಎರಡು ವರ್ಷ ನಾವು ನೀರನ್ನು ಮಾತ್ರ ಪರೀಕ್ಷಿಸಿದ್ದೆವು; ಫಿಲ್ಟರನ್ನು ಬಿಚ್ಚಿ ತೊಳೆಯುವವರು ಯಾರೆಂದು ಯೋಚಿಸಿರಲಿಲ್ಲ. ಸೆಲ್ವಣ್ಣ ಆ ಬೋಲ್ಟು ತೆಗೆದು, ಬೆರಳಲ್ಲೇ ತಿರುಗಿಸಬಹುದಾದ, ಎರಡು ಕಿವಿಯ ನಟ್ಟು ಹಾಕಿಕೊಟ್ಟರು.

ನೂರಾರು ಹಳ್ಳಿಗಳಿಗೆ ಫಿಲ್ಟರ್ ಮಾಡುವ ಕಾರ್ಖಾನೆಗೆ ನಾಳೆ ನಕ್ಷೆ ಕಳಿಸಬೇಕಿತ್ತು. ನಮ್ಮ ತಂಡಕ್ಕೆ ಫೋನ್ ಮಾಡಿ ಅದನ್ನು ತಡೆದೆ. ಈಗ ಆಯನೂರಿಗೆ ಮರಳಲು ಶಿವಮೊಗ್ಗದ ಬಸ್ಸಿನಲ್ಲಿದ್ದೇನೆ, ಫಿಲ್ಟರ್ ಮಡಿಲಲ್ಲಿದೆ. ಆಯನೂರಿನ ಟೀಚರ್ ತಾವೇ ಬಿಚ್ಚಿ, ತೊಳೆದು, ಮತ್ತೆ ಕೂರಿಸಿದ ಮೇಲೆಯೇ ನಕ್ಷೆ ಹೋಗುತ್ತದೆ.