ಅತ್ತೆಯ ಮೀನುತೊಟ್ಟಿಯ ಹೈಡ್ರಾ

ನಾನು ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಸೈನ್ಸ್ ಮುಗಿಸಿದ್ದೆ. ಮುಂದೆ ಓದುವ ಮಾತು ಮದುವೆಯ ಗಡಿಬಿಡಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ಮಾವನವರದು ರೇಷ್ಮೆ ಸೀರೆ ವ್ಯಾಪಾರ. ಮನೆಯಲ್ಲಿ ಮೊಟ್ಟೆಯನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಅಂಥ ಮನೆಯ ಪಡಸಾಲೆಯ ಕಿಟಕಿಯ ಕೆಳಗೆ ಗಾಜಿನ ತೊಟ್ಟಿ, ಅದರೊಳಗೆ ಮೀನು! ನಾನು ದಂಗಾಗಿಹೋದೆ.

ಮೀನು ಸಾಕಿದ್ದವರು ನಮ್ಮತ್ತೆ. ಧನಗೆರೆಯ ರೈತರ ಮನೆಯ ಮಗಳು. ಸೊಳ್ಳೆಮರಿ ತಿನ್ನಲೆಂದು ಮಲೇರಿಯಾದವರು ಹಿತ್ತಲ ಬಾವಿಗೆ ಪುಟ್ಟ ಗಪ್ಪಿ ಮೀನು ಬಿಟ್ಟುಹೋಗಿದ್ದರಂತೆ. ನೀರು ಸೇದುವಾಗ ಕೊಡದೊಳಗೆ ಬಂದ ಜೋಡಿಯೊಂದನ್ನು ವಾಪಸು ಬಿಡಲು ಅತ್ತೆಗೆ ಮನಸ್ಸಾಗಲಿಲ್ಲ. ದೇವರ ಪಟಗಳಿಗೆ ಕಟ್ಟು ಹಾಕುವವನನ್ನು ಕರೆಸಿ, ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ತೊಟ್ಟಿ ಮಾಡಿಸಿಕೊಂಡಿದ್ದರು.

“ಆ ಗಂಡಿನ ಬಾಲ ನೋಡು ಕೂಸೇ. ನಿಮ್ಮಾವನ ಅಂಗಡೀಲಿ ಇಂಥ ಬಣ್ಣದ ಸೀರೆ ಒಂದಾರೂ ಅದಾ?” ಎಂದು ನನ್ನನ್ನು ಮೊದಲ ದಿನವೇ ಅದರ ಮುಂದೆ ಕೂರಿಸಿಕೊಂಡರು.

ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ನಾನು ಬಂದ ಮೇಲೆ ಒಂದು ಹೆಣ್ಣು ಮೀನು ಮರಿ ಹಾಕಿತು. ರೆಪ್ಪೆಕೂದಲಿನಷ್ಟು ಸಣ್ಣ ಮರಿಗಳು, ಕಣ್ಣೊಂದೇ ಕಾಣುತ್ತಿತ್ತು. ಆದರೆ ದಿನ ಕಳೆದಂತೆ ಅವು ಕಡಿಮೆಯಾಗುತ್ತ ಬಂದವು. ತಾಯಿಯೇ ತಿನ್ನುತ್ತಿರಬೇಕು ಎಂದು ನಾನಂದೆ. ಅತ್ತೆ ಒಪ್ಪಲಿಲ್ಲ, ಹಾಗಂತ ನನ್ನ ಮಾತನ್ನು ತಳ್ಳಿಹಾಕಲೂ ಇಲ್ಲ. ದೊಡ್ಡ ಮೀನುಗಳನ್ನೆಲ್ಲ ಹಿಡಿದು ಬಕೆಟ್ಟಿಗೆ ಬಿಟ್ಟರು. ಮರಿಗಳು ಮಾತ್ರ ತೊಟ್ಟಿಯಲ್ಲಿ ಉಳಿದವು. ಆಗಲೂ ಕಡಿಮೆಯಾದವು.

“ನೋಡ್ದಾ? ಸುಮ್ನೆ ಅದ್ರ ಮೇಲೆ ಅಪವಾದ ಒರಿಸ್ತಿದ್ದೆ” ಎಂದು ನಕ್ಕರು.

ಅಡುಗೆ ಮುಗಿಸಿ, ಕನ್ನಡಕ ಹಾಕಿಕೊಂಡು ತೊಟ್ಟಿಯ ಮುಂದೆ ಕೂತರು. ಅವರು ಕೂತ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಗಲ್ಲಕ್ಕೆ ಕೈಯಿಟ್ಟು, ಮಧ್ಯಾಹ್ನವೆಲ್ಲ. ಬಿಸಿಲು ಓರೆಯಾಗಿ ಗಾಜಿನ ಮೇಲೆ ಬಿದ್ದಾಗ ಒಮ್ಮೆಲೇ ಕೂಗಿದರು: “ಬಾ ಕೂಸೇ, ಬಿರ್‍ನೆ ಬಾ!”

ಗಾಜಿನ ಒಳಮೈಗೆ ಹಸಿರು ದಾರದ ಚೂರಿನಂಥದ್ದೊಂದು ಅಂಟಿಕೊಂಡಿತ್ತು. ಅದರ ತುದಿಯಲ್ಲಿ ಬಿಚ್ಚಿಕೊಂಡ ಎಳೆಗಳು. ಆ ಎಳೆಗಳಿಗೆ ಸಿಕ್ಕ ಮರಿಯೊಂದು ಒದ್ದಾಡುವುದನ್ನೂ ನಿಲ್ಲಿಸಿ ನಿಧಾನವಾಗಿ ಒಳಗೆ ಹೋಗುತ್ತಿತ್ತು.

“ಇವುನ್ನ ನಾನು ಪಾಚಿ ಅಂದ್ಕಂಡಿದ್ದೆ ಕಣವ್ವ. ಓದ್ವಾರ ಚಾಕೂಲಿ ಕೆರೆದೂ ಬುಟ್ಟಿದ್ದೆ. ಆಮ್ಯಾಕೆ ಇನ್ನೂ ಜಾಸ್ತಿ ಆದೊ.”

ಕೆರೆದ ಮೇಲೆ ಜಾಸ್ತಿಯಾದವು ಎಂದ ಕೂಡಲೇ ನನಗೆ ಕಾಲೇಜಿನ ಪಾಠ ನೆನಪಾಯಿತು. ಹೈಡ್ರಾ! ಪುಸ್ತಕದ ಚಿತ್ರದಲ್ಲಿ ಕಂಡಿದ್ದೆ, ಬಣ್ಣ ಹಾಕಿದ ಸ್ಲೈಡಿನಲ್ಲಿ ಕಂಡಿದ್ದೆ. ಜೀವಂತವಾಗಿ ಕಂಡದ್ದು ಅದೇ ಮೊದಲು. ಬೆರಳಿಂದ ಮುಟ್ಟಿದೆ. ಮುದುಡಿ ಸಾಸಿವೆಕಾಳಿನಷ್ಟಾಯಿತು. ಇದನ್ನು ತುಂಡು ಮಾಡಿದರೆ ಒಂದೊಂದು ತುಂಡೂ ಒಂದೊಂದು ಹೈಡ್ರಾ ಆಗಿ ಬೆಳೆಯುತ್ತದೆ ಎಂದು ಅತ್ತೆಗೆ ಹೇಳಿದೆ.

ಅವರು ಹಣೆ ಚಚ್ಚಿಕೊಂಡರು. “ಅಂಗಾರೆ ನಾನೇ ಬಿತ್ತನೆ ಮಾಡ್ದಂಗಾಯ್ತಲ್ಲ!”

ಕೆರೆಯಿಂದ ಹಿಂದಿನ ತಿಂಗಳು ತಂದು ಹಾಕಿದ್ದ ನೀರುಗಿಡದ ಜೊತೆ ಅದು ಬಂದಿರಬೇಕು. ಎಲೆಗಳ ಅಡಿಯಲ್ಲೂ ಬೇಕಾದಷ್ಟಿದ್ದವು. ಹೋಗಲಾಡಿಸುವುದು ಹೇಗೆ ಎಂದು ನನ್ನ ಪುಸ್ತಕ ಹೇಳಿರಲಿಲ್ಲ. ಅತ್ತೆ ಯೋಚಿಸಿದರು. ಮೀನು ಬೇರೆ ಕಡೆ ಇರುವಾಗ ತೊಟ್ಟಿಗೆ ಬಿಸಿನೀರು ಹಾಕಬಹುದಲ್ಲ ಎಂದರು. ಉಳಿದ ಮರಿಗಳನ್ನು ಲೋಟದಲ್ಲಿ ಎತ್ತಿ ಒಂದು ಪಾತ್ರೆಗೆ ಬಿಟ್ಟೆವು. ಗಿಡವನ್ನು ಚರಂಡಿಗೆ ಎಸೆಯಲು ಹೋದ ನನ್ನನ್ನು ಅತ್ತೆ ತಡೆದು, ಹೈಡ್ರಾ ಅಲ್ಲೂ ಹರಡೀತೆಂದು ತಾರಸಿಯ ಮೇಲೆ ಹರವಿ ಒಣಗಿಸಿದರು. ಮರಳನ್ನು ಹಂಡೆಯಲ್ಲಿ ಕುದಿಸಿದರು. ಗಾಜು ಬಿರುಕು ಬಿಡದಂತೆ ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಬಿಸಿ, ಆಮೇಲೆ ಇನ್ನಷ್ಟು ಬಿಸಿ. ಕೊನೆಗೆ ತೊಟ್ಟಿಯನ್ನು ಅಂಗಳಕ್ಕೆ ಹೊತ್ತು ಬಿಸಿಲಿಗಿಟ್ಟೆವು.

ಮರಿಗಳ ಪಾತ್ರೆಯಲ್ಲಿ ಒಂದು ಹೈಡ್ರಾ ಉಳಿದಿತ್ತು. ನಾನು ಅದನ್ನು ತೆಗೆದು ಚೆಲ್ಲಲು ಹೋದೆ. ಅತ್ತೆ ಅದನ್ನು ಶಾಯಿ ತುಂಬುವ ಹೀರುಗೊಳವೆಯಿಂದ ಎಳೆದುಕೊಂಡು ಗಾಜಿನ ಲೋಟಕ್ಕೆ ಬಿಟ್ಟರು. ಕಲ್ಲಿನ ಕುಣಿಯಲ್ಲಿ ನಿಂತ ನೀರಿನಿಂದ ಚುಕ್ಕೆಯಂಥ ಹುಳುಗಳನ್ನು ತಂದು ಅದಕ್ಕೆ ತಿನ್ನಲು ಹಾಕತೊಡಗಿದರು.

ಮಾವ ಅಂಗಡಿಯಿಂದ ಬಂದವರು ಕೇಳಿದರು: “ಏನಮ್ಮಿ, ಕಳ್ಳನ್ನ ಇಡ್ದು ಮನೇಲೇ ಊಟಕ್ಕಿಕ್ತಾ ಇದ್ದೀಯಾ?”

“ಅದ್ರ ಒಟ್ಟೆಪಾಡು ಅದು ನೋಡ್ಕತು. ಅದೇನು ಪಾಪ ಮಾಡ್ತು? ಕಣ್ಣಿಲ್ಲ, ಕಾಲಿಲ್ಲ, ಎಂಗೆ ಬದುಕ್ತದೆ ನೋಡಿ.”

ಆ ಲೋಟದ ಹೈಡ್ರಾದ ಪಕ್ಕೆಯಲ್ಲಿ ಮೊಗ್ಗಿನಂಥದ್ದು ಮೂಡಿತು. ಅದಕ್ಕೂ ಎಳೆಗಳು ಬಂದವು. ಒಂದು ಬೆಳಗ್ಗೆ ಅದು ತಾಯಿಯಿಂದ ಕಳಚಿಕೊಂಡು ಬೇರೆಯಾಗಿ ನಿಂತಿತ್ತು. ಪರೀಕ್ಷೆಯಲ್ಲಿ ಇದಕ್ಕೆ ನಾನು ಒಂದೇ ಸಾಲಿನ ಉತ್ತರ ಬರೆದು ಅಂಕ ತೆಗೆದುಕೊಂಡಿದ್ದೆ. ಅತ್ತೆ ಅದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದರು, ನನಗೂ ತೋರಿಸಿದ್ದರು.

ಮೀನುಗಳು ತೊಟ್ಟಿಗೆ ಮರಳಿದ ಮೇಲೆ, ಮುಂದಿನ ಸಲದ ಮರಿಗಳು ಉಳಿದುಕೊಂಡವು. ಅವು ದೊಡ್ಡವಾಗಿ ತೊಟ್ಟಿ ಸಾಲದಾದಾಗ, ಹನೂರಿನಲ್ಲಿದ್ದ ಮಗಳ ಮನೆಗೆ ಕೊಡಲು ಅತ್ತೆ ಹೊರಟರು. ಜೊತೆಗೆ ನಾನು. ಅತ್ತೆಯ ತೊಡೆಯ ಮೇಲೆ ನೀರು ತುಂಬಿದ ಟಿಫನ್ ಕ್ಯಾರಿಯರ್. ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು.

“ಡ್ರೈವರಪ್ಪ, ವಸಿ ನಿಧಾನಕ್ಕೆ ಓಡ್ಸಪ್ಪ. ಬಸುರಿ ಅವ್ಳೆ!”

ಬಸ್ಸಿನವರೆಲ್ಲ ತಿರುಗಿ ನನ್ನನ್ನು ನೋಡಿದರು. ಒಬ್ಬ ಹೆಂಗಸು ಎದ್ದು ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟಳು. ನಾನು ನಾಚಿಕೆಯಿಂದ ತಲೆ ತಗ್ಗಿಸಿ ಅಲ್ಲಿ ಕೂತೆ. ಅತ್ತೆ ಮಾತ್ರ ಮುಚ್ಚಳ ಸ್ವಲ್ಪ ಸರಿಸಿ, ಒಳಗಿದ್ದ ಹೊಟ್ಟೆ ಉಬ್ಬಿದ ಹೆಣ್ಣು ಮೀನನ್ನು ನೋಡುತ್ತ ಕೂತಿದ್ದರು. ಬಸ್ಸು ನಿಧಾನವಾಯಿತು.